ಆಂಗ್ಯುಲರ್ ಮೊಮೆಂಟಮ್ ಚಾಪ್ಟರ್ ಮಾತ್ರ ಬಿಡ್ಬೇಡಿ

ಎಮ್ಮೆಸ್ಸಿ ಫಿಸಿಕ್ಸ್ ಜೂನಿಯರ್ಸ್ ಆಗಾಗ ಕೇಳ್ತಿರ್ತಾರೆ, ಅಡ್ವಾನ್ಸ್ಡ್ ಕ್ವಾಂಟಮ್ ಪೇಪರ್‌ಗೆ ಏನೇನು ಓದ್ಬೇಕು, ಯಾವುದನ್ನ ಬಿಟ್ರೂ ನಡೆಯತ್ತೆ ಅಂತ. ನಾನು ಹೇಳೋದು ಇಷ್ಟೇ, ಏನು ಬಿಟ್ರೂ ಆಂಗ್ಯುಲರ್ ಮೊಮೆಂಟಮ್ (ಕೋನೀಯ ಸಂವೇಗ, ತಿರುಗಾಟದ ಅಳತೆ) ಬಿಡ್ಬೇಡಿ, ಅದನ್ನೂ ನೋಟ್ಸ್ ನೋಡಿ ಬಾಯಿಪಾಠ ಮಾಡ್ಬೇಡಿ, ಒಂದ್ಸಲ ಪೂರ್ತಿ ಪೆನ್ನು ಹಿಡಿದು ಡಿರೈವ್ ಮಾಡಿ.

ಯಾಕಂದ್ರೆ ಬಿಎಸ್ಸಿಯಲ್ಲಿ ಎಲ್ಲಾ ವೇವ್ ಫಂಕ್ಷನ್ (ಕಣದ ಸ್ಟೇಟ್ ಅಂದ್ರೆ ಸ್ಥಿತಿಯನ್ನ ಹೇಳೋ ಫಂಕ್ಷನ್) ಇಟ್ಕೊಂಡೇ ನಡೆಯತ್ತೆ, ಹೈಡ್ರೋಜನ್ ಪರಮಾಣುಲಿ ಎಲೆಕ್ಟ್ರಾನ್ ಸುತ್ತಾಟದ ಆಂಗ್ಯುಲರ್ ಮೊಮೆಂಟಮ್ ಹೇಳೋ ಸಂಖ್ಯೆ ಎಲ್ ಅನ್ನೋದು 0, 1, 2 ಹೀಗೆ ಪೂರ್ಣಾಂಕವೇ ಆಗಿರತ್ತೆ, ಸ್ಪಿನ್ (ಕಣಕ್ಕೆ ತನ್ನದೇ ಆಗಿರೋ ಆಂಗ್ಯುಲರ್ ಮೊಮೆಂಟಮ್) 1/2 ಅನ್ನೋದನ್ನ ಮಾತ್ರ ಮೇಷ್ಟ್ರು ಹೇಳಿದ್ರು ಅಂತ ಒಪ್ಕೊಂಡಿರ್ತೀವಿ. ಇಲ್ಲಿ ಬಂದ್ರೆ ಆಂಗ್ಯುಲರ್ ಮೊಮೆಂಟಮ್‌ನ ಮೂರು ದಿಕ್ಕಿಗೆ ಜೆ ಎಕ್ಸ್, ಜೆ ವೈ, ಜೆ ಝಡ್ ಅಂತ ಮೂರು ಆಪರೇಟರ್ (ಸ್ಟೇಟ್ ಮೇಲೆ ಹಾಕೋ ಗಣಿತದ ಕ್ರಿಯೆ), ಎಕ್ಸ್ ವೈ ಕಮ್ಯುಟೇಟರ್ (ಎರಡನ್ನ ಹಿಂದುಮುಂದು ಗುಣಿಸಿದಾಗ ಬರೋ ವ್ಯತ್ಯಾಸ) ಅಂದ್ರೆ ಐ ಎಚ್ ಕಟ್ ಜೆ ಝಡ್ (ಎಚ್ ಕಟ್ ಅಂದ್ರೆ ಪ್ಲಾಂಕ್ ಸ್ಥಿರಾಂಕ ಭಾಗಿಸು 2 ಪೈ), ಉಳಿದೆರಡೂ ಹಾಗೇ. ಕೈಯಲ್ಲಿರೋದು ಅಷ್ಟೇ. ಅದರಿಂದ ರೈಸಿಂಗ್ ಲೋವರಿಂಗ್ ಆಪರೇಟರ್ ಮಾಡ್ಕೋತೀವಿ, ಒಂದೊಂದ್ಸಲ ಹಾಕಿದಾಗ್ಲೂ ಎಮ್ (ಎಚ್ ಕಟ್ ಲೆಕ್ಕದಲ್ಲಿ ಜೆ ಝಡ್‌ನ ಬೆಲೆ) ಒಂದು ಮೇಲೆ ಹೋಗತ್ತೆ ಇಲ್ಲಾ ಒಂದು ಕೆಳಗೆ ಬರತ್ತೆ, ಆದ್ರೆ ಹಾಗೇ ಹೋಗ್ತಾ ಇರೋಕಾಗಲ್ಲ, ಜೆ ಝಡ್ ವರ್ಗ ಒಟ್ಟು ಜೆ ವರ್ಗವನ್ನ ಮೀರೋ ಹಾಗಿಲ್ಲ. ಎಮ್ ಮೇಲೆ ಪ್ಲಸ್ ಜೆನಲ್ಲಿ ನಿಲ್ಬೇಕು, ಕೆಳಗೆ ಮೈನಸ್ ಜೆನಲ್ಲಿ ನಿಲ್ಬೇಕು, ಮಧ್ಯದ ಅಂತರ ಎರಡು ಜೆ, ಅದು ಪೂರ್ಣಾಂಕ ಆಗ್ಲೇಬೇಕು. ಅಂದ್ರೆ ಜೆ 1/2 ಆಗಬಹುದು! ಎಲೆಕ್ಟ್ರಾನ್ ಹೆಸರೇ ಎತ್ತಿಲ್ಲ ಇನ್ನೂ, ಬರೀ ಆಲ್ಜೀಬ್ರಾನೇ ಅದಕ್ಕೆ ಜಾಗ ಮಾಡಿಟ್ಟಿದೆ.

ಇದಾದ್ಮೇಲೆ 1922ರ ಸ್ಟರ್ನ್ ಗರ್ಲಾಕ್ ಪ್ರಯೋಗ ಓದಿ ನೋಡಿ. ಫ್ರಾಂಕ್‌ಫರ್ಟ್‌ನಲ್ಲಿ ಬೆಳ್ಳಿ ಪರಮಾಣುಗಳ ಬೀಮನ್ನ ಏಕರೂಪವಲ್ಲದ ಮ್ಯಾಗ್ನೆಟಿಕ್ ಫೀಲ್ಡ್‌ನಲ್ಲಿ ಹಾಯಿಸಿದ್ರು, ಎರಡಾಗಿ ಸೀಳ್ತು. ಎಮ್‌ನ ಒಂದೊಂದು ಬೆಲೆಗೂ ಒಂದೊಂದು ತುಂಡು, ಹಾಗಾಗಿ ಎಲ್ ಪೂರ್ಣಾಂಕ ಆಗಿದ್ರೆ ಯಾವಾಗ್ಲೂ ಬೆಸ ಸಂಖ್ಯೆಯಲ್ಲೇ ಸೀಳ್ಬೇಕು, 1, 3, 5 ಹೀಗೆ, ಎರಡು ಬರೋಕೆ 1/2 ಬೇಕೇ ಬೇಕು. ಆಗ ಅವರಿಗೆ ಸ್ಪಿನ್ ಅನ್ನೋ ಐಡಿಯಾನೇ ಇರ್ಲಿಲ್ಲ, ಊಲೆನ್‌ಬೆಕ್, ಗೌಡ್‌ಸ್ಮಿಟ್ ಅದನ್ನ ಹೇಳಿದ್ದು 1925ರಲ್ಲಿ.

ನನಗೆ ಇನ್ನೂ ಮೈ ಝುಮ್ ಅನ್ಸೋದು ರೊಟೇಶನ್ ವಿಷಯ. ಸ್ಪಿನ್ 1/2 ಸ್ಟೇಟನ್ನ 360 ಡಿಗ್ರಿ ತಿರುಗಿಸಿದ್ರೆ ಮೈನಸ್ ಸೈನ್ ಬರತ್ತೆ, ಮೊದಲಿನ ಹಾಗೇ ಆಗೋಕೆ 720 ಬೇಕು. ಇದು ಬರೀ ಗಣಿತ ಅಂತ ತಳ್ಳಿಹಾಕೋಕಾಗಲ್ಲ, 1975ರಲ್ಲಿ ನ್ಯೂಟ್ರಾನ್ ಇಂಟರ್‌ಫೆರೋಮೀಟರ್‌ನಲ್ಲಿ (ಬೀಮನ್ನ ಎರಡು ದಾರಿಗೆ ಒಡೆದು ಮತ್ತೆ ಸೇರಿಸೋ ಉಪಕರಣ) ಒಂದು ದಾರಿಯ ನ್ಯೂಟ್ರಾನ್‌ಗಳ ಸ್ಪಿನ್ ಮಾತ್ರ ಮ್ಯಾಗ್ನೆಟಿಕ್ ಫೀಲ್ಡ್‌ನಿಂದ ತಿರುಗಿಸಿ, ಎರಡೂ ದಾರಿ ಸೇರಿಸಿ ನೋಡಿದ್ರು, ಪ್ಯಾಟರ್ನ್ 720ಕ್ಕೇ ರಿಪೀಟ್ ಆಯ್ತು.

ಆಮೇಲೆ ಬರೋದು ಕ್ಲೆಬ್ಶ್ ಗೋರ್ಡಾನ್, ಅಂದ್ರೆ ಎರಡು ಆಂಗ್ಯುಲರ್ ಮೊಮೆಂಟಮ್ ಸೇರಿಸೋವಾಗ ಬರೋ ಗುಣಾಂಕಗಳು. ಟೇಬಲ್ ಬಾಯಿಪಾಠ ಹೊಡೆದು ಪಾಸಾಗಬಹುದು, ಆದ್ರೆ ಅಲ್ಲೇ ಎಲ್ಲಾ ರುಚಿ ಹಾಳಾಗೋದು. ಎರಡು 1/2 ಸೇರಿದ್ರೆ ನಾಲ್ಕು ಸ್ಟೇಟ್, ಅದು ಮೂರು ಪ್ಲಸ್ ಒಂದು ಅಂತ ಒಡೆಯತ್ತೆ, ಹೈಡ್ರೋಜನ್‌ನಲ್ಲಿ ಪ್ರೋಟಾನ್ ಎಲೆಕ್ಟ್ರಾನ್ ಸ್ಪಿನ್ ಹೀಗೆ ಸೇರಿದಾಗ ಈ ಎರಡು ಗುಂಪಿನ ನಡುವಿನ ಶಕ್ತಿ ವ್ಯತ್ಯಾಸವೇ 1420 ಮೆಗಾಹರ್ಟ್ಸ್, 21 ಸೆಂಟಿಮೀಟರ್ ರೇಡಿಯೋ ಅಲೆ. ಗ್ಯಾಲಕ್ಸಿಗಳಲ್ಲಿ ಹೈಡ್ರೋಜನ್ ಎಲ್ಲೆಲ್ಲಿದೆ ಅಂತ ಪುಣೆ ಹತ್ರದ ಜಿಎಂಆರ್‌ಟಿ ಥರದ ಟೆಲಿಸ್ಕೋಪ್‌ಗಳು ನೋಡೋದು ಇದನ್ನೇ.

ಟೇಬಲ್ ಮುಚ್ಚಿಟ್ಟು 1 ಮತ್ತು 1/2 ಸೇರಿಸಿ. ಆರು ಸ್ಟೇಟ್, ನಾಲ್ಕು ಪ್ಲಸ್ ಎರಡು. ತುತ್ತತುದಿಯ ಜೆ 3/2, ಎಮ್ 3/2ಕ್ಕೆ ಒಂದೇ ದಾರಿ ಇರೋದು, ಅದಕ್ಕೆ ಲೋವರಿಂಗ್ ಹಾಕಿ, ರೂಟ್ 2/3 ಮತ್ತು ರೂಟ್ 1/3 ತಾವಾಗೇ ಬರತ್ತೆ. ಇದಕ್ಕೆ ಆರ್ಥೋಗನಲ್ ಆಗಿರೋ ಇನ್ನೊಂದನ್ನ ಬರ್ಕೊಂಡು ರೈಸಿಂಗ್ ಹಾಕಿದ್ರೆ ಸೊನ್ನೆ, ಅಂದ್ರೆ ಅದೇ ಜೆ 1/2ರ ತುದಿ.