ಪರೇಲಿನ ಸಾಲಿನಲ್ಲಿ ಜೊತೆಗೆ ನಿಲ್ಲುವುದು

ಮುಂಬೈನ ಪರೇಲಿನ ಡಾ. ಅರ್ನೆಸ್ಟ್ ಬೋರ್ಜಿಸ್ ರಸ್ತೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಡೆದು ಹೋದರೆ ಕನ್ನಡ ಕಿವಿಗೆ ಬೀಳುತ್ತದೆ. ಬಂಗಾಳಿ, ಭೋಜಪುರಿ, ಒಡಿಯಾ ನಡುವೆ ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮಾತು. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಇರುವುದು ಇದೇ ರಸ್ತೆಯಲ್ಲಿ. 1941ರಲ್ಲಿ ಶುರುವಾದದ್ದು. ಯಾದಗಿರಿಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಒಂದು ಕಡೆಗೆ ಹೋದರೆ ಬೆಂಗಳೂರು, ಇನ್ನೊಂದು ಕಡೆಗೆ ಹೋದರೆ ಮುಂಬೈ. ಮುಂಬೈನಲ್ಲಿ ದುಡಿಯಲು ಬಂದ ನೆಂಟರು ಒಬ್ಬರಾದರೂ ಇರುತ್ತಾರೆ. ಹಾಗಾಗಿ ಇಲ್ಲಿಗೇ ಬರುವವರು ಬಹಳ.

ನನ್ನ ಮೂಲವೂ ಬೀದರ್ ಕಡೆಯದೇ. ಅಪ್ಪ ಲಾಲ್‌ಬಾಗಿನ ಗಿರಣಿಯಲ್ಲಿದ್ದರು, 1982ರ ಮುಷ್ಕರದವರೆಗೆ. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದೆ. ಭಾನುವಾರ ತಪ್ಪದೆ ಹೋಗುವುದು ನಮ್ಮ ಕನ್ನಡ ಸಭೆಗೆ, ಅಂದರೆ ಚರ್ಚಿಗೆ. ಅಲ್ಲಿ ಬಡವರಿಗಾಗಿ ಕಾಣಿಕೆ ಎತ್ತುವುದು ಮೊದಲಿನಿಂದಲೂ ಇತ್ತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, ಪರೇಲಿನಲ್ಲಿ ಕೆಲಸ ಮಾಡುವ ನಮ್ಮ ಸಭೆಯ ನರ್ಸ್ ಒಬ್ಬಳು ಎದ್ದು ಹೇಳಿದಳು: "ದುಡ್ಡು ಆಮೇಲೆ ನೋಡೋಣ. ಮೊದಲು ಆ ಜನಕ್ಕೆ ಮಾತಾಡೋರು ಬೇಕು. ಯಾವ ಕೌಂಟರಿಗೆ ಹೋಗ್ಬೇಕು ಅನ್ನೋದೇ ಗೊತ್ತಾಗದೆ ಅರ್ಧ ದಿನ ನಿಂತಿರ್ತಾರೆ." ಹಿಂದಿ, ಮರಾಠಿ, ಕನ್ನಡ ಮೂರೂ ಬರುವವರು ನಮ್ಮಲ್ಲಿ ಬೇಕಾದಷ್ಟಿದ್ದೆವು. ವಾರದ ದಿನಗಳನ್ನು ಹಂಚಿಕೊಂಡೆವು. ಬುಧವಾರ ನನ್ನದಾಯಿತು.

ಅಂಥ ಒಂದು ಬುಧವಾರದ ಮಾತು ಇದು.

ನಾನು ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದೆ. ಹಿಂದಿನಿಂದ ಯಾರೋ ಸೆರಗು ಜಗ್ಗಿದ ಹಾಗಾಯಿತು. "ಯಕ್ಕಾ, ನೀವು ಕನ್ನಡದೋರೇನ್ರೀ?" ಇಳಕಲ್ ಸೀರೆಯ ಹೆಂಗಸು. ಪಕ್ಕದಲ್ಲಿ ಗಂಡ, ಬಲಗೆನ್ನೆಗೆ ಟವೆಲ್ ಒತ್ತಿ ಹಿಡಿದಿದ್ದ. ಸುರಪುರ ತಾಲ್ಲೂಕಿನ ಒಂದು ಹಳ್ಳಿಯವರು. ಅಕ್ಕನ ಮಗ ಗೇಟಿನವರೆಗೆ ಬಿಟ್ಟು ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ, ಪಾಪ, ಅವನೇನು ಮಾಡಿಯಾನು?

ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ಇತ್ತು. ನಾನು ಒಂದೊಂದಾಗಿ ತೆಗೆದು ನೋಡಿದೆ. ಕಲಬುರಗಿಯ ಬಯಾಪ್ಸಿ ರಿಪೋರ್ಟು, ಸ್ಕ್ಯಾನಿನ ಫಿಲ್ಮು, ಆಧಾರ್ ಕಾರ್ಡು. ತಳದಲ್ಲಿ ಹತ್ತಿ ಸುತ್ತಿ ದಾರ ಕಟ್ಟಿದ ಸಣ್ಣದೊಂದು ಗಂಟು. ಬಿಚ್ಚಿದರೆ ಮೇಣದ ಚೌಕ. "ಇದೇನಂತ ಗೊತ್ತಿಲ್ರೀ, ಡಾಕ್ಟ್ರು ಕಳೀಬ್ಯಾಡ ಅಂದಾರ" ಅಂದಳು. ಗಂಡನ ಬಾಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ ಕೊಟ್ಟದ್ದು ಅದು, ಬ್ಲಾಕ್ ಅನ್ನುತ್ತಾರೆ. ಇಲ್ಲಿ ಅದನ್ನೇ ಮತ್ತೆ ಪರೀಕ್ಷೆ ಮಾಡುತ್ತಾರೆ. ಅದು ಕಳೆದಿದ್ದರೆ ಮತ್ತೆ ಬಾಯಿ ಕೊಯ್ಯಬೇಕಾಗುತ್ತಿತ್ತು. ಏನು ಅಂತ ತಿಳಿಯದಿದ್ದರೂ ಅವಳು ಅದನ್ನು ಅಷ್ಟು ಜೋಪಾನವಾಗಿ ತಂದಿದ್ದಳು.

ಒಳಗೆ ಹೋಗುವ ಮುಂಚೆ ನನ್ನ ಕೈ ಹಿಡಿದಳು. "ದೊಡ್ಡ ಬ್ಯಾನಿ ಅಂದ್ರ ಅವರಿಗೆ ಹೇಳಬ್ಯಾಡ್ರೀ ಯಕ್ಕಾ. ಎದಿ ಒಡಕೋತಾರ."

ಇದು ಬಹಳ ಕಷ್ಟದ ಜಾಗ. ಪರಭಾಷೆಯಲ್ಲಿ ಡಾಕ್ಟರ್ ಹೇಳಿದ್ದನ್ನು ನಾವು ಹೇಳುವವರು, ಅಷ್ಟೆ. ಕಡಿಮೆ ಮಾಡಿ ಹೇಳುವ ಹಕ್ಕೂ ನಮಗಿಲ್ಲ, ನಮ್ಮದೊಂದು ಧೈರ್ಯದ ಮಾತು ಸೇರಿಸುವ ಹಕ್ಕೂ ಇಲ್ಲ. ಆ ನರ್ಸ್ ನಮಗೆ ಮೊದಲು ಕಲಿಸಿದ್ದೇ ಇದನ್ನು. ನಾನು ಹೆಂಡತಿಯ ಮಾತನ್ನು ಡಾಕ್ಟರಿಗೆ ಹಾಗೇ ತಿಳಿಸಿದೆ. ಚಿಕ್ಕ ವಯಸ್ಸಿನ ಹುಡುಗಿ ಆಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರನ್ನೇ ಕೇಳಿ, ಎಲ್ಲ ಅವರಿಗೇ ಹೇಳಲೋ, ಹೆಂಡತಿಗೆ ಹೇಳಲೋ?" ಅಂದಳು. ಕೇಳಿದೆ. ಟವೆಲ್ ಸರಿಸಿ ಆತ ಅಂದ: "ಬಾಯಿ ನಂದದ. ನನಗೇ ಹೇಳ್ರಿ."

ಹೇಳಿದೆ. ದವಡೆಯ ಒಂದು ಭಾಗ ತೆಗೆಯಬೇಕು. ಕಾಲಿನ ಎಲುಬೊಂದನ್ನು ತಂದು ಆ ಜಾಗ ಕಟ್ಟುತ್ತಾರೆ. ಆಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕಾಗಬಹುದು. ಆತ ಎರಡೇ ಪ್ರಶ್ನೆ ಕೇಳಿದ. ರೊಟ್ಟಿ ತಿನ್ನಾಕ ಬರ್ತದೇನು? ಹೊಲದಾಗ ನಡೀಲಿಕ್ಕೆ ಆಗ್ತದೇನು? ನಡೆಯಬಹುದು, ಆ ಎಲುಬು ತೆಗೆದರೂ ಕಾಲು ಭಾರ ಹೊರುತ್ತದೆ ಅಂತ ಡಾಕ್ಟರ್ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ರೊಟ್ಟಿಗೆ ಮಾತ್ರ ಮಾತು ಕೊಡಲಿಲ್ಲ. ಬಹಳ ದಿನ ಮೆತ್ತಗಿನದೇ ಊಟ ಅಂದಳು. ತಂಬಾಕು ಇನ್ನು ಮುಟ್ಟಲೇಬಾರದು ಅಂತ ಎರಡು ಸಲ ಹೇಳಿದಳು. ನಾನೂ ಎರಡು ಸಲ ಹೇಳಿದೆ.

ಉಳಿದ ದಿನವೆಲ್ಲ ಸಾಲುಗಳದ್ದು. ರಕ್ತಕ್ಕೆ, ಎಮ್‌ಆರ್‌ಐ ತಾರೀಖಿಗೆ, ಆಸ್ಪತ್ರೆಯ ಕಾರ್ಡಿಗೆ ದುಡ್ಡು ತುಂಬಿಸಲಿಕ್ಕೆ, ಸಹಾಯ ಕೊಡಿಸುವ ಸೋಶಿಯಲ್ ವರ್ಕರ್ ಮುಂದೆ ಕೂರಲಿಕ್ಕೆ. ರೇಷನ್ ಕಾರ್ಡು ಊರಲ್ಲೇ ಉಳಿದಿತ್ತು, ವಾಟ್ಸಾಪಿನಲ್ಲಿ ಫೋಟೊ ತರಿಸಿದೆವು. ಮಧ್ಯಾಹ್ನ ಅವಳು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ನನಗೂ ಕೊಟ್ಟಳು. ಗಂಡನಿಗೆ ಬಾಳೆಹಣ್ಣು ಕಿವುಚಿ ಹಾಲಿನಲ್ಲಿ ಕಲಸಿ ಕೊಟ್ಟೆವು.

ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯನ್ನು ನಾನು ಸಂಡೇ ಸ್ಕೂಲಿನಿಂದ ಕೇಳಿದ್ದೇನೆ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಸಮಾರ್ಯ ಸೀಮೆಯ ಪರಕೀಯನೊಬ್ಬ ಕಾಪಾಡಿದ ಕಥೆ ಅದು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ್ದನ್ನು ಎಲ್ಲರೂ ಹೇಳುತ್ತಾರೆ. ಅದಾದ ಮೇಲೆ ಆತ ಗಾಯಗೊಂಡವನನ್ನು ಛತ್ರಕ್ಕೆ ಕರೆದೊಯ್ದ, ರಾತ್ರಿ ಆರೈಕೆ ಮಾಡಿದ, ಮರುದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟ. ಆ ಕಾಲಕ್ಕೆ ಎರಡು ದಿನದ ಕೂಲಿ ಅದು. ಇನ್ನೂ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಅಂದ. ಈ ಮರುದಿನದ ಭಾಗಕ್ಕೆ ನಮ್ಮಲ್ಲಿ ಯಾರೂ ಜಾಸ್ತಿ ಗಮನ ಕೊಟ್ಟಿಲ್ಲ ಅಂತ ನನಗನ್ನಿಸುತ್ತದೆ. ಕಂಬಳಿ ಹಂಚಿ ಫೋಟೊ ತೆಗೆಸಿಕೊಂಡು ಬರುವುದು ಮೊದಲ ದಿನದ ಕೆಲಸ. ಕಾಯಿಲೆಯವರಿಗೆ ಬೇಕಾದದ್ದು ಎರಡನೇ ದಿನ, ಹತ್ತನೇ ದಿನ.

ನಮ್ಮ ಛತ್ರ ಯಾವುದು ಗೊತ್ತಾ? ದಾದರಿನ ಸಂತ ಗಾಡಗೆ ಮಹಾರಾಜರ ಧರ್ಮಶಾಲೆ. ಕೈಯಲ್ಲಿ ಪೊರಕೆ ಹಿಡಿದು ಊರೂರು ಗುಡಿಸುತ್ತ, 1956ರಲ್ಲಿ ತೀರಿಕೊಂಡ ಗಾಡಗೆ ಬಾಬಾರ ಹೆಸರಿನದು. ಊರಿಂದ ಬಂದ ಕ್ಯಾನ್ಸರ್ ರೋಗಿಗಳು ಅಲ್ಲಿ ಉಳಿಯುತ್ತಾರೆ. ಫೈಲು ತೋರಿಸಿ, ಸಂಜೆವರೆಗೆ ಕಾದ ಮೇಲೆ ಇವರಿಗೂ ಜಾಗ ಸಿಕ್ಕಿತು. ಆ ಛತ್ರದವನ ಹೆಸರು ಬೈಬಲ್ಲಿನಲ್ಲಿ ಇಲ್ಲ. ಅವನಿಲ್ಲದೆ ಸಮಾರ್ಯದವನ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು ಅಲ್ವಾ?

ಅಲ್ಲಿ ಕೂತಾಗಲೇ ಅವಳು ಕೇಳಿದ್ದು: "ನೀವು ಯಾಕ್ರೀ ಇಷ್ಟ ಮಾಡ್ಲಿಕತ್ತೀರಿ? ಎಷ್ಟ ಕೊಡಬೇಕ್ರೀ?" ಏನೂ ಬೇಡ, ನಾವು ಚರ್ಚಿಗೆ ಹೋಗುವವರು, ಯೇಸು ನಮಗೆ ಹೇಳಿದ ಕೆಲಸ ಇದು ಅಂದೆ. ಅಷ್ಟೇ ಅಂದೆ. ಕಾಯಿಲೆ ಬಿದ್ದವರ ಕೈಗೆ ಕರಪತ್ರ ಇಡಬಾರದು ಅನ್ನುವುದು ನಮ್ಮ ಗುಂಪಿನ ನಿಯಮ. ಬೇಡ ಅನ್ನಲಾಗದ ಸ್ಥಿತಿಯಲ್ಲಿರುವವರ ಮುಂದೆ ನಮ್ಮ ಧರ್ಮದ ಮಾತು ಎತ್ತುವುದು ನ್ಯಾಯವಲ್ಲ. ನಾನು ಇದನ್ನು ಗಟ್ಟಿಯಾಗಿ ನಂಬುತ್ತೇನೆ. ಅವಳು ತಿಂಥಣಿ ಮೌನೇಶ್ವರನ ಭಕ್ತೆ. ಚೀಲದ ಮೂಲೆಯಿಂದ ವಿಭೂತಿಯ ಪೊಟ್ಟಣ ತೆಗೆದು ಫೈಲಿಗೆ ಚೂರು ಹಚ್ಚಿದಳು. "ನಿಮ್ಮ ದೇವ್ರಿಗೆ ನೀವು ಕೇಳ್ರಿ, ನಮ್ಮ ಮೌನಪ್ಪಯ್ಯಗ ನಾ ಕೇಳ್ತೀನಿ" ಅಂದಳು. ಕೇಳುತ್ತೇನೆ ಅಂದೆ. ಅಂದಿನಿಂದ ಕೇಳುತ್ತಲೇ ಇದ್ದೇನೆ.

ಆಪರೇಶನ್ ಆಯಿತು. ಈಗ ಚೆಕಪ್ಪಿಗೆ ಬಂದು ಹೋಗುತ್ತಿದ್ದಾರೆ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಟಿಕೆಟ್ಟು ಪೂರ್ತಿ ಮಾಫಿ, ಜೊತೆಗಾರರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯಿಂದ ಫಾರಂ ಬರೆಸಿಕೊಂಡು ರಿಸರ್ವೇಶನ್ ಕೌಂಟರಿನಲ್ಲಿ ಕೊಡಬೇಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಸಾಲ ಮಾಡಿ ಟಿಕೆಟ್ ಕೊಳ್ಳುತ್ತಾರೆ. ಊರಿಂದ ಯಾರಾದರೂ ಹೊರಟಿದ್ದರೆ ದಯವಿಟ್ಟು ಹೇಳಿ. ಬ್ಲಾಕು, ಬಯಾಪ್ಸಿಯ ಗಾಜಿನ ಸ್ಲೈಡು, ರೇಷನ್ ಕಾರ್ಡು ಮರೆಯದೆ ತರಲು ಹೇಳಿ.

ಮುಂಬೈನಲ್ಲಿರುವ ಕನ್ನಡದವರಿಗೂ ಒಂದು ಕೋರಿಕೆ. ನೀವು ಯಾವ ದೇವರಿಗೆ ಕೈ ಮುಗಿಯುವವರಾದರೂ ಸರಿ, ವಾರಕ್ಕೊಂದು ಬೆಳಿಗ್ಗೆ ಪರೇಲಿಗೆ ಬನ್ನಿ. ನಮ್ಮಲ್ಲಿ ಹೆಂಗಸರೇ ಜಾಸ್ತಿ. ಗಂಡಸರ ವಾರ್ಡಿನಲ್ಲಿ ರಾತ್ರಿ ಕೂರಲು ಗಂಡಸರು ಬೇಕಾಗಿದ್ದಾರೆ. ತೆಲುಗೂ ಬಂದರೆ ಇನ್ನೂ ಒಳ್ಳೆಯದು, ರಾಯಚೂರು ಗಡಿಯವರು ಬಹಳ ಬರುತ್ತಾರೆ.