ರೆನಿನ್ ಟೆಸ್ಟಿಗೆ ಬರುವಾಗ ಬಿಪಿ ಮಾತ್ರೆಯ ಸ್ಟ್ರಿಪ್ ತನ್ನಿ

ವಿರಾಜಪೇಟೆಯ ಲ್ಯಾಬ್ ಒಂದರಲ್ಲಿ ನಾನು ಟೆಕ್ನಿಷಿಯನ್. ಶುಗರ್, ಥೈರಾಯ್ಡ್, ಕ್ರಿಯಾಟಿನಿನ್ ದಿನಾ ಇದ್ದದ್ದೇ. ಬಿಪಿಯನ್ನು ನಿಯಂತ್ರಿಸುವ ಎರಡು ವಸ್ತುಗಳ, ಅಂದರೆ ಕಿಡ್ನಿಯಿಂದ ಬರುವ ರೆನಿನ್ ಮತ್ತು ಕಿಡ್ನಿ ಮೇಲಿನ ಗ್ರಂಥಿಯ ಹಾರ್ಮೋನ್ ಆಲ್ಡೋಸ್ಟೆರಾನ್‌ನ, ಟೆಸ್ಟ್ ಬರುವುದು ಅಪರೂಪ. ಬಂದಾಗ ಸೂಜಿ ಕೈಗೆ ತಗೊಳ್ಳುವ ಮೊದಲು ಕೇಳುತ್ತೇನೆ: "ಬಿಪಿಗೆ ಯಾವ ಮಾತ್ರೆ?" "ಸಣ್ಣ ಬಿಳಿ ಮಾತ್ರೆ" ಎನ್ನುವವರೇ ಜಾಸ್ತಿ. ಅದಕ್ಕೇ ಸ್ಟ್ರಿಪ್ ನೋಡಲೇಬೇಕು.

ಒಮ್ಮೆ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಮಗನ ಜೊತೆ ಬಂದರು. ಬೇರೆ ಕಡೆ ಮಾಡಿಸಿದ ರಿಪೋರ್ಟ್ ಕೈಯಲ್ಲಿತ್ತು. ಆಲ್ಡೋಸ್ಟೆರಾನ್–ರೆನಿನ್ ಅನುಪಾತ ಜಾಸ್ತಿ ಎಂದಿತ್ತು. "ಅಪ್ಪನಿಗೆ ಕಿಡ್ನಿ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಇರಬಹುದಂತೆ ಅಕ್ಕಾ, ಆಪರೇಷನ್ ಬೇಕಾಗುತ್ತಾ?" ಎಂದು ಮಗ ಕೇಳಿದ. ಅಪ್ಪ ಸುಮ್ಮನೆ ನೆಲ ನೋಡುತ್ತಿದ್ದರು. ಅವರ ಜೇಬಿನಲ್ಲಿದ್ದ ಸ್ಟ್ರಿಪ್ ಅಟೆನೊಲಾಲ್. ರಿಪೋರ್ಟಿನಲ್ಲಿ ಅದರ ಹೆಸರೇ ಇರಲಿಲ್ಲ.

ಅಟೆನೊಲಾಲ್, ಮೆಟೊಪ್ರೊಲಾಲ್ ಕಿಡ್ನಿಯಿಂದ ಬರುವ ರೆನಿನ್ನನ್ನು ತಗ್ಗಿಸುತ್ತವೆ. ಆಲ್ಡೋಸ್ಟೆರಾನ್ ಅಷ್ಟು ಇಳಿಯುವುದಿಲ್ಲ. ಭಾಗಿಸುವಾಗ ಕೆಳಗಿರುವ ರೆನಿನ್ ಸಂಖ್ಯೆ ಕುಸಿದರೆ ಅನುಪಾತ ಏರಲೇಬೇಕಲ್ವಾ? ಗಡ್ಡೆ ಇಲ್ಲದಿದ್ದರೂ ಏರುತ್ತದೆ.

ಎನಲಾಪ್ರಿಲ್ ಇದಕ್ಕೆ ತದ್ವಿರುದ್ಧ: ರೆನಿನ್ ಏರುತ್ತದೆ, ಆಲ್ಡೋಸ್ಟೆರಾನ್ ಇಳಿಯುತ್ತದೆ. ಲೋಸಾರ್ಟನ್, ಟೆಲ್ಮಿಸಾರ್ಟನ್ ಕೂಡ ಹಾಗೇ, ಆದರೆ ಇವುಗಳಲ್ಲಿ ರಕ್ತನಾಳ ಬಿಗಿಸುವ ಆಂಜಿಯೊಟೆನ್ಸಿನ್ 2 ಸಹ ಏರುತ್ತದೆ. ಅದು ಕೂರುವ ಜಾಗವನ್ನು ಮಾತ್ರೆ ಹಿಡಿದಿರುವುದರಿಂದ ಏರಿದರೂ ಅದರ ಕೆಲಸ ನಡೆಯುವುದಿಲ್ಲ. ಉಪ್ಪು, ನೀರು ಹೊರಹಾಕುವ ಹೈಡ್ರೊಕ್ಲೋರೊಥಯಜೈಡ್‌ನಿಂದ ಎರಡೂ ಏರುತ್ತವೆ. ಸ್ಪೈರೊನೊಲ್ಯಾಕ್ಟೋನ್ ಇನ್ನೂ ಮುಂದೆ ಹೋಗಿ ಗಂಡು ಹಾರ್ಮೋನಿನ ಕೆಲಸಕ್ಕೂ ಅಡ್ಡ ಬರುತ್ತದೆ. ಕೆಲವು ಗಂಡಸರಿಗೆ ಎದೆ ಊದುವುದು ಅದರಿಂದಲೇ. ಬಸುರಿಯರಿಗೆ ಕೊಡುವ ಮೀಥೈಲ್‌ಡೋಪಾ, ಎದೆಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ನನ್ನು ಏರಿಸುತ್ತದೆ.

ಇವೆಲ್ಲ ಬಿಪಿ ಕಾಯಿಲೆಯಿಂದ ಆಗುವುದಲ್ಲ, ಮಾತ್ರೆಯಿಂದ ಆಗುವುದು. ಆರೋಗ್ಯವಂತರಿಗೆ ಕೊಟ್ಟು ನೋಡುವ ಅಧ್ಯಯನಗಳನ್ನು ನಾನು ತುಂಬಾ ಬೆಲೆಯುಳ್ಳವು ಎನ್ನುವುದು ಇದಕ್ಕೇ. ರೋಗಿಯಲ್ಲಿ ವಯಸ್ಸು, ಕಿಡ್ನಿಯ ಸ್ಥಿತಿ, ಬೇರೆ ಮಾತ್ರೆ ಎಲ್ಲ ಕಲಸಿಹೋಗಿರುತ್ತವೆ. ಆರೋಗ್ಯವಂತರಲ್ಲಿ ಊಟದ ಉಪ್ಪನ್ನೂ ಒಂದೇ ಅಳತೆಗೆ ತಂದರೆ ಮಾತ್ರೆಯ ಪಾಲು ಎಷ್ಟು ಅಂತ ಬಿಡಿಸಿ ನೋಡಬಹುದು. ನಮ್ಮ ಕಡೆ ಒಣಮೀನು, ಉಪ್ಪಿನಕಾಯಿ ಜಾಸ್ತಿ ತಿಂದವರಲ್ಲಿ ರೆನಿನ್ ಹೇಗೂ ತಗ್ಗಿರುತ್ತದೆ.

ರೈಟರ್ ಅವರನ್ನು ರಕ್ತ ತೆಗೆಯದೆ ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ. ಡಾಕ್ಟರು ಅಟೆನೊಲಾಲನ್ನು ನಿಧಾನವಾಗಿ ಇಳಿಸಿ, ರೆನಿನ್ ಮೇಲೆ ಅಷ್ಟಾಗಿ ಪರಿಣಾಮ ಬೀರದ ಪ್ರಾಜೊಸಿನ್ ಕೊಟ್ಟರು. ಅಟೆನೊಲಾಲ್ ನಿಂತ ಮೇಲೆ ಕನಿಷ್ಠ 2 ವಾರ ಬಿಡಬೇಕು, ಸ್ಪೈರೊನೊಲ್ಯಾಕ್ಟೋನ್ ಆದರೆ 4 ವಾರ. ದಯವಿಟ್ಟು ಟೆಸ್ಟ್ ಇದೆ ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅಟೆನೊಲಾಲ್ ತಟ್ಟನೆ ಬಿಟ್ಟರೆ ಹೃದಯಕ್ಕೆ ಅಪಾಯ. ಅವರ ಎರಡನೇ ರಿಪೋರ್ಟಿನಲ್ಲಿ ಅನುಪಾತ ಸರಿಯಾಗಿತ್ತು.

ಲ್ಯಾಬಿನವರಿಗೆ ಒಂದು ಮಾತು. ಮೈಸೂರಿಗೋ ಮಂಗಳೂರಿಗೋ ಕಳಿಸುವ ಸ್ಯಾಂಪಲ್ ಅಂದರೆ ಕೈ ತಾನಾಗಿ ಐಸ್ ಬಾಕ್ಸಿನ ಕಡೆ ಹೋಗುತ್ತದೆ. ರೆನಿನ್‌ಗೆ ಅದು ಬೇಡ. ಇನ್ನೂ ತಯಾರಾಗದ ಪ್ರೊರೆನಿನ್ ತಣ್ಣಗಿನಲ್ಲಿ ಎಚ್ಚೆತ್ತು, ರೆನಿನ್ ಸುಳ್ಳಾಗಿ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬನ್ನು ಕೋಣೆಯ ಬಿಸಿಯಲ್ಲೇ ಇಟ್ಟು, ಪ್ಲಾಸ್ಮಾ ಬೇರೆ ಮಾಡಿ, ಆಮೇಲೆ ಬೇಗ ಫ್ರೀಜ್ ಮಾಡಬೇಕು.

ಮಳೆಗಾಲದಲ್ಲಿ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: "ಕೆಮ್ಮಿಗೆ ಜೇಷ್ಠಮಧು ಅಗಿಯುತ್ತೀರಾ?" ದಿನಾ ತಿಂದರೆ ಅದು ಬಿಪಿ ಏರಿಸಿ, ರೆನಿನ್, ಆಲ್ಡೋಸ್ಟೆರಾನ್ ಎರಡನ್ನೂ ತಗ್ಗಿಸಬಹುದು. ಹೌದು ಅಂದರೆ ಮಾತ್ರೆಗಳ ಪಟ್ಟಿಯಲ್ಲೇ ಅದನ್ನೂ ಬರೆಯುತ್ತೇನೆ.