ಗ್ಲಾಸಿನಲ್ಲಿ ನಮ್ಮ ಕಡೆಯ ಮಾವು

ಭಾನುವಾರ ಇಂದಿರಾನಗರದ ಒಂದು ಬ್ರೂವರಿಯಲ್ಲಿ ಮಾವಿನ ಬಿಯರ್ ಕುಡಿದೆ. ಹಣ್ಣು ಎಲ್ಲಿಯದು ಅಂತ ಕೇಳಿದ್ದಕ್ಕೆ ಸಪ್ಲೈ ಮಾಡುವ ಹುಡುಗ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಶ್ರೀನಿವಾಸಪುರದ್ದು ಸಾರ್, ಬಾದಾಮಿ" ಅಂದ. ನಮ್ಮ ಕೋಲಾರದ್ದೇ! ಗ್ಲಾಸ್ ಖಾಲಿಯಾಗುತ್ತಾ ಬಂದ ಹಾಗೆ ನೊರೆ ಒಳಗಡೆ ಬಳೆ ಬಳೆಯಾಗಿ ಅಂಟಿಕೊಂಡಿತ್ತು, ಮೂಗಿಗೆ ಮಾವಿನ ಸಿಪ್ಪೆಯ ವಾಸನೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ನಮ್ಮ ಬೆಂಗಳೂರಿನಂಥ ಊರು ಬಿಯರಿಗೆ ಹೆಸರಾಗುವುದು ಹೇಗೆ? ಬಾರ್ ಜಾಸ್ತಿ ಇದ್ದರೆ ಸಾಲದು. ಚೆಕ್ ದೇಶದ ಪಿಲ್ಸೆನ್ ನೋಡಿ, ಅಲ್ಲಿನ ನೀರು ತುಂಬಾ ಮೆದು, ಅಂದರೆ ಲವಣ ಕಡಿಮೆ, ಬಿಯರಿಗೆ ಕಹಿ, ಘಮ ಕೊಡುವ ಸಾಟ್ಸ್ ಹಾಪ್ಸ್ ಹೂವು ಅದೇ ಸೀಮೆಯ ಬೆಳೆ, 1842ರಲ್ಲಿ ಹೊಂಬಣ್ಣದ ಪಿಲ್ಸ್‌ನರ್ ಬಿಯರ್ ಹುಟ್ಟಿದ್ದೂ ಅಲ್ಲೇ. ಮ್ಯೂನಿಕ್ ನೀರು ಗಡಸು, ಅದಕ್ಕೆ ಕಪ್ಪು ಬಣ್ಣದ ಬಿಯರ್ ಒಗ್ಗಿತು. ನಮ್ಮ ಬೋರ್‌ವೆಲ್ ನೀರು ಗೊತ್ತಲ್ವಾ, ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತದೆ. ಈಗ ಲವಣ ತೆಗೆಯುವ ಆರ್‌ಒ ಫಿಲ್ಟರ್ ಇದೆ, ನೀರನ್ನು ಬೇಕಾದ ಹಾಗೆ ತಿದ್ದಿಕೊಳ್ಳಬಹುದು, ಅದು ಬಿಡಿ.

ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಕೇಳಿ ಕುಡಿಯುವ ಜನ. ಪಕ್ಕದ ಟೇಬಲ್ಲಿನಲ್ಲಿ ಹಿರಿಯರೊಬ್ಬರು ಗೋಧಿ ಬಿಯರ್ ಮೂಸಿ, ಈ ಬಾಳೆಹಣ್ಣಿನ ವಾಸನೆ ಹಣ್ಣಿನದಲ್ಲ, ಯೀಸ್ಟಿನಿಂದ ಬರುವುದು ಅಂತ ಗೆಳೆಯರಿಗೆ ಹೇಳುತ್ತಿದ್ದರು, ನಾನು ನನ್ನ ಗ್ಲಾಸ್ ಬಿಟ್ಟು ಅವರನ್ನೇ ಕೇಳುತ್ತಾ ಕೂತೆ. ಹೊರಡುವಾಗ ಆ ಹುಡುಗನಿಗೆ, ರಾಗಿ ಬಿಯರ್ ಯಾವಾಗ ಮಾಡುತ್ತೀರಿ ಅಂತ ಕೇಳಿ ಬಂದಿದ್ದೇನೆ. ರಾಗಿ ಬೇಕಿದ್ದರೆ ನಮ್ಮ ಚಿಕ್ಕಪ್ಪನ ಹೊಲದಲ್ಲೇ ಇದೆ.